ಬೇಸ್ ಗಿಟಾರಿನ ಕುತ್ತಿಗೆಗೆ ನಾವೇ ಕೈ ಹಾಕೋಣ

ಕಾಲೇಜಿನ ಮ್ಯೂಸಿಕ್ ರೂಮಿನಲ್ಲಿ ಹೆಚ್ಚು ಧೂಳು ತಿನ್ನುವ ವಾದ್ಯ ಯಾವುದು ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು: ಬೇಸ್ ಗಿಟಾರ್. ಪ್ರತಿ ವರ್ಷ ಯಾರೋ ಒಬ್ಬ ಜೂನಿಯರ್ ಆಸೆಯಿಂದ ಅದನ್ನು ಎತ್ತಿಕೊಳ್ಳುತ್ತಾನೆ, ಎರಡು ವಾರ ನುಡಿಸುತ್ತಾನೆ, ಆಮೇಲೆ "ನನ್ನ ಬೆರಳಿಗೆ ಅಷ್ಟ್ ಬಲ ಇಲ್ಲೆ ಮಾರಾಯ" ಅಂತ ಹೇಳಿ ಮೂಲೆಗೆ ಇಡುತ್ತಾನೆ. ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ ಬೇಸ್ ಇಲ್ಲ, ಕೀಬೋರ್ಡಿನವನ ಎಡಗೈಯೇ ಗತಿ.

ನಮ್ಮ ಅಭಿಪ್ರಾಯ ಇಷ್ಟೆ: ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಸೋತದ್ದು ಬೆರಳಲ್ಲ, ಸೆಟಪ್. ತಂತಿ ಫ್ರೆಟ್‌ಗಿಂತ ನಾಲ್ಕು ಮಿಲಿಮೀಟರ್ ಎತ್ತರದಲ್ಲಿ ನಿಂತಿದ್ದರೆ ಭೀಮನ ಬೆರಳೂ ಅರ್ಧ ಗಂಟೆಯಲ್ಲಿ ಸುಸ್ತಾದೀತು. ಆ ಎತ್ತರವನ್ನು ಸರಿ ಮಾಡಲು ಬೇಕಾದ ಸಾಮಾನು ಎರಡು ಅಲೆನ್ ಕೀ, ಒಂದು ಸ್ಟೀಲ್ ಸ್ಕೇಲು, ಒಂದು ಫೀಲರ್ ಗೇಜ್. ಬೇಕಾದ ವಿದ್ಯೆ ನಮ್ಮ ಸಿಲೆಬಸ್ಸಿನಲ್ಲೇ ಉಂಟು. ಹಾಗಿದ್ದೂ ನಾವು ಅದನ್ನು ಮುಟ್ಟುವುದಿಲ್ಲ. ಯಾರಾದರೂ ಮುಟ್ಟಲು ಹೋದರೆ "ಹೋಯ್, ಕೈ ಹಾಕ್ಬೇಡ, ಹಾಳಾತ್ತ್!" ಅಂತ ನಾಲ್ಕು ಜನ ಕೂಗುತ್ತಾರೆ. ಕೂಗುವವರಲ್ಲಿ ಮೂವರು ಮೆಕ್ಯಾನಿಕಲ್, ಒಬ್ಬ ಸಿವಿಲ್.

ಮೊದಲು ಎರಡು ಶಬ್ದಗಳನ್ನು ಬೇರೆ ಮಾಡಿಕೊಳ್ಳೋಣ, ಯಾಕೆಂದರೆ ಅರ್ಧ ಗೊಂದಲ ಇಲ್ಲೇ ಇರುವುದು. ತಂತಿ ಮತ್ತು ಫ್ರೆಟ್ ನಡುವಿನ ಎತ್ತರಕ್ಕೆ ಆ್ಯಕ್ಷನ್ ಅನ್ನುತ್ತಾರೆ. ನೆಕ್ ಅಂದರೆ ಗಿಟಾರಿನ ಕುತ್ತಿಗೆ. ಅದು ತಂತಿಯ ಕಡೆಗೆ ಸ್ವಲ್ಪವೇ ಬಾಗಿರುತ್ತದಲ್ಲ, ಆ ಬಾಗು ರಿಲೀಫ್. ಆ್ಯಕ್ಷನ್ ಸರಿ ಮಾಡುವುದು ಬ್ರಿಜ್‌ನಲ್ಲಿರುವ ಸ್ಯಾಡಲ್‌ಗಳ ಸಣ್ಣ ಸ್ಕ್ರೂಗಳಿಂದ. ರಿಲೀಫ್ ಸರಿ ಮಾಡುವುದು ನೆಕ್‌ನ ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿನಿಂದ. ತಂತಿ ಎತ್ತರ ಆಯ್ತು ಅಂತ ಸೀದಾ ಟ್ರಸ್ ರಾಡ್ ತಿರುಗಿಸುವುದು ತಪ್ಪು ಚಿಕಿತ್ಸೆ. ಎರಡೂ ಒಂದರ ಮೇಲೊಂದು ಪರಿಣಾಮ ಮಾಡುತ್ತವೆ, ಆದರೆ ಎರಡೂ ಒಂದೇ ಅಲ್ಲ.

ಬಾಗು ಯಾಕೆ ಬೇಕು? ಪೂರ್ತಿ ನೇರ ಇದ್ದರೆ ಒಳ್ಳೇದಲ್ವಾ? ಅಲ್ಲ. ಬೇಸ್‌ನ ದಪ್ಪ ತಂತಿ, ಅಂದರೆ ಇ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ದಪ್ಪ ತಂತಿಯ ಅರ್ಧ ಆವರ್ತನ. ತಂತಿ ಉದ್ದ, ದಪ್ಪ, ಅದರ ಓಲಾಟವೂ ದೊಡ್ಡದು. ಓಲಾಡುವಾಗ ನಡುವೆ ಹೊಟ್ಟೆ ಉಬ್ಬಿದ ಹಾಗೆ ಆಗುತ್ತದೆ. ಆ ಹೊಟ್ಟೆಗೆ ಜಾಗ ಕೊಡದಿದ್ದರೆ ತಂತಿ ಫ್ರೆಟ್‌ಗೆ ಬಡಿದು ಗರಗರ ಅನ್ನುತ್ತದೆ. ಆ ಜಾಗವೇ ರಿಲೀಫ್.

ಇನ್ನು ಟ್ರಸ್ ರಾಡ್. ಒಂದೊಂದು ತಂತಿಯ ಎಳೆತ ಹೆಚ್ಚುಕಡಿಮೆ ಇಪ್ಪತ್ತು ಕಿಲೋ ಭಾರಕ್ಕೆ ಸಮ. ನಾಲ್ಕು ತಂತಿ ಸೇರಿದರೆ ಒಬ್ಬ ಆಳು ನೇತಾಡಿದ ಹಾಗೆ. ಈ ಎಳೆತ ನೆಕ್‌ನ ನಡುಗೆರೆಯಲ್ಲಿ ಹಾದು ಹೋಗುವುದಿಲ್ಲ, ಮೇಲ್ಗಡೆ ಹಾದು ಹೋಗುತ್ತದೆ. ಹಾಗಾಗಿ ಬೆಂಡಿಂಗ್ ಮೊಮೆಂಟ್ ಹುಟ್ಟಿ ನೆಕ್ ಮುಂದಕ್ಕೆ ಬಾಗುತ್ತದೆ. ಒಳಗಿನ ರಾಡನ್ನು ಬಿಗಿದರೆ ಅದಕ್ಕೆ ವಿರುದ್ಧ ಮೊಮೆಂಟ್ ಬರುತ್ತದೆ. ಸಿವಿಲ್‌ನವರು ಪ್ರಿಸ್ಟ್ರೆಸ್ಡ್ ಗರ್ಡರ್ ನೆನಪು ಮಾಡಿಕೊಳ್ಳಿ: ಕಾಂಕ್ರೀಟಿನೊಳಗೆ ಕೇಬಲ್ ಬಿಗಿದು ಮುಂದೆ ಬರುವ ಭಾರವನ್ನು ಮೊದಲೇ ಎದುರಿಸುವುದು. ಮೂಲ ಉಪಾಯ ಒಂದೇ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಹೊಂದಿಸಬಹುದಾದ ಟ್ರಸ್ ರಾಡಿಗೆ ಪೇಟೆಂಟ್ ಪಡೆದದ್ದು 1923ರಲ್ಲಿ. ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ಅಂದರೆ ಈ ರಾಡ್ ತಿರುಗಿಸಲಿಕ್ಕೆ ಅಂತಲೇ ಮಾಡಿದ್ದು, ಹೆದರಿಸಲಿಕ್ಕೆ ಅಲ್ಲ.

ನಮ್ಮ ಊರಿನಲ್ಲಿ ಈ ಕೆಲಸ ಬೇರೆ ಊರಿಗಿಂತ ಹೆಚ್ಚು ಬೇಕು. ಕೋಟೇಶ್ವರ ಸಮುದ್ರದ ಪಕ್ಕದ ಊರು. ಜೂನ್‌ನಲ್ಲಿ ಮಳೆ ಹಿಡಿದರೆ ಹಾಸ್ಟೆಲಿನ ಬಟ್ಟೆ ವಾರವಾದರೂ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಆ ತೇವವನ್ನೇ ಗಿಟಾರಿನ ಮರವೂ ಹೀರುತ್ತದೆ. ಮಾರ್ಚ್ ಸೆಕೆಯಲ್ಲಿ ಸರಿ ಇದ್ದ ನೆಕ್ ಜುಲೈಯಲ್ಲಿ ಹಾಗೇ ಇರಬೇಕೆಂದಿಲ್ಲ. ಎಷ್ಟು ಬದಲಾಯ್ತು, ಯಾವ ಕಡೆಗೆ ಬದಲಾಯ್ತು ಎಂಬುದು ಮರ, ತಂತಿ, ರೂಮು ಎಲ್ಲದರ ಮೇಲೆ ಹೋಗುತ್ತದೆ. ಊಹೆ ಮಾಡಿ ಪ್ರಯೋಜನ ಇಲ್ಲ, ಅಳೆಯಬೇಕು.

ಅಳೆಯುವುದು ಹೇಗೆ? ಮೊದಲು ಸರಿಯಾಗಿ ಟ್ಯೂನ್ ಮಾಡಿ; ಎಳೆತ ಸರಿ ಇಲ್ಲದೆ ಅಳೆದರೆ ಆ ಅಳತೆಗೆ ಅರ್ಥ ಇಲ್ಲ. ಮೊದಲ ಫ್ರೆಟ್‌ನಲ್ಲಿ ಕೇಪೋ ಹಾಕಿ, ನೆಕ್ ಬಾಡಿಗೆ ಸೇರುವಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಗೋಲು, ಎಳೆದು ಕಟ್ಟಿದ ತಂತಿಗಿಂತ ನೇರವಾದದ್ದು ಬೇರೆ ಬೇಕಾ? ಏಳನೇ ಅಥವಾ ಎಂಟನೇ ಫ್ರೆಟ್ ಹತ್ತಿರ ತಂತಿ ಮತ್ತು ಫ್ರೆಟ್ ನಡುವೆ ಫೀಲರ್ ಗೇಜ್ ತೂರಿಸಿ. ಸುಮಾರು 0.3 ಮಿ.ಮೀ. ಇದ್ದರೆ ಒಳ್ಳೆಯ ಆರಂಭ. ಫೀಲರ್ ಗೇಜ್ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಡಿ. ಬೈಕ್ ಗ್ಯಾರೇಜಿನವರು ಟ್ಯಾಪೆಟ್ ಸೆಟ್ ಮಾಡುವುದು ಅದರಲ್ಲೇ.

ಅಂತರ ಜಾಸ್ತಿ ಇದ್ದರೆ ರಾಡಿನ ನಟ್ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಟ್ಯೂನ್, ಮತ್ತೆ ಅಳತೆ. ರಿಲೀಫ್ ಕೂತ ಮೇಲೆಯೇ ಆ್ಯಕ್ಷನ್. ಕೇಪೋ ತೆಗೆದು ಹದಿನೇಳನೇ ಫ್ರೆಟ್‌ನಲ್ಲಿ ಸ್ಕೇಲ್ ಇಟ್ಟು ನೋಡಿ: ದಪ್ಪ ತಂತಿಗೆ 2.4 ಮಿ.ಮೀ., ಸಪೂರ ತಂತಿಗೆ 2 ಮಿ.ಮೀ. ಆಸುಪಾಸು. ಸ್ಯಾಡಲ್ ಏರಿಸಿ ಇಳಿಸಿ ಅಲ್ಲಿಗೆ ತನ್ನಿ. ಕೊನೆಗೆ ಹನ್ನೆರಡನೇ ಫ್ರೆಟ್ ಒತ್ತಿದಾಗ ಸರಿಯಾಗಿ ಒಂದು ಸ್ಥಾಯಿ ಮೇಲಿನ ಸ್ವರ ಬರುತ್ತದಾ ಅಂತ ಮೊಬೈಲ್ ಟ್ಯೂನರ್‌ನಲ್ಲಿ ನೋಡಿ. ಒಂದು ಸಂಜೆಯ ಕೆಲಸ.

"ರಾಡ್ ತುಂಡಾದರೆ?" ಈ ಪ್ರಶ್ನೆ ಸುಳ್ಳಲ್ಲ. ಅಳತೆಗೆ ಸರಿಯಲ್ಲದ ಅಲೆನ್ ಕೀ ಹಾಕಿದರೆ ನಟ್‌ನ ಕಣ್ಣು ಸವೆದು ಹೋಗುತ್ತದೆ. ತಿರುಗದ ನಟ್‌ಗೆ ಜೋರು ಮಾಡಿದರೆ ರಾಡೇ ಹೋಗಬಹುದು. ಹಾಗಾಗಿ ಸರಿಯಾದ ಕೀ ಬಳಸಿ, ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ನೆಕ್ ತಿರುಚಿದ್ದರೆ, ಫ್ರೆಟ್ ಸವೆದು ಏರುಪೇರಾಗಿದ್ದರೆ ಅದು ಪಳಗಿದ ಕೈಯ ಕೆಲಸ, ಅವರಿಗೇ ಬಿಡಿ. ಆದರೆ ಆ ಅಪಾಯ ತೋರಿಸಿ ಉಳಿದ ಎಲ್ಲ ಕೆಲಸವನ್ನೂ ಬಿಡುವುದು ನ್ಯಾಯ ಅಲ್ಲ. ಬೈಕಿನ ಚೈನ್ ಬಿಗಿ ಮಾಡಲು ನಾವು ಯಾರನ್ನೂ ಕೇಳುವುದಿಲ್ಲ ತಾನೆ?

ನಮ್ಮ ಸುತ್ತ ಇರುವ ವಾದ್ಯದವರನ್ನೇ ನೋಡಿ. ಯಕ್ಷಗಾನದ ಆಟ ಸುರುವಾಗುವ ಮೊದಲು ಚೌಕಿಯ ಹತ್ತಿರ ಹೋದರೆ ಕಾಣುತ್ತದೆ: ಚಂಡೆಯವರು ಹಗ್ಗ ಬಿಗಿಯುತ್ತಿರುತ್ತಾರೆ, ಮದ್ದಳೆಯವರು ಅಂಚು ತಟ್ಟಿ ಭಾಗವತರ ಶ್ರುತಿಗೆ ಕೂಡಿಸುತ್ತಿರುತ್ತಾರೆ. ತೇವಕ್ಕೆ ಚರ್ಮ ಸಡಿಲ ಆಯ್ತು ಅಂತ ಅವರು ಮದ್ದಳೆಯನ್ನು ಮೂಲೆಗೆ ಇಡುವುದಿಲ್ಲ. ವಾದ್ಯವನ್ನು ಹದಕ್ಕೆ ತರುವುದೂ ವಾದನದ ಭಾಗ ಎಂಬುದು ಈ ಊರಿಗೆ ಗೊತ್ತಿರುವ ಸಂಗತಿ. ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಮಾತ್ರ ಅದು ಗೊತ್ತಿಲ್ಲ ಅಂದರೆ ನಾಚಿಕೆ ಅಲ್ವಾ?

ಮೇಲೆ ಕೊಟ್ಟ ಅಂಕಿ ವೇದವಾಕ್ಯ ಅಲ್ಲ ಎಂಬುದನ್ನೂ ಹೇಳಬೇಕು. ಮೊಟೌನ್‌ನ ಜೇಮ್ಸ್ ಜೇಮರ್‌ಸನ್ ತಂತಿ ಎತ್ತರ ಇಟ್ಟುಕೊಂಡೇ ನುಡಿಸಿದವರು, ಅವರ ದಪ್ಪ ನಾದ ಅವರಿಗೇ ಸಾಟಿ. ಆದರೆ ಅದು ಅವರು ಬೇಕೆಂದು ಇಟ್ಟುಕೊಂಡ ಎತ್ತರ. ನಮ್ಮ ಜೂನಿಯರಿಗೆ ಸಿಗುವುದು ಯಾರೂ ನೋಡದೆ ಬಿಟ್ಟ ಎತ್ತರ. ಎರಡಕ್ಕೂ ತುಂಬಾ ವ್ಯತ್ಯಾಸ ಉಂಟು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಮ್ಯೂಸಿಕ್ ರೂಮಿಗೆ ಅಲೆನ್ ಕೀ ಸೆಟ್, ಫೀಲರ್ ಗೇಜ್, ಒಂದು ನೋಟ್‌ಬುಕ್ ಬರಲಿ. ವರ್ಷಕ್ಕೆ ಮೂರು ಸಲ, ಮಳೆ ಹಿಡಿದ ಮೇಲೆ, ಕೊಡಿ ಹಬ್ಬದ ಹೊತ್ತಿಗೆ, ಮಾರ್ಚ್ ಸೆಕೆಯಲ್ಲಿ, ಅಳತೆ ತೆಗೆದು ತಾರೀಕು ಸಮೇತ ಬರೆಯೋಣ. ಪ್ರತಿ ಸಲ ಒಬ್ಬ ಸೀನಿಯರ್, ಇಬ್ಬರು ಜೂನಿಯರ್. ಮೂರು ವರ್ಷ ಹೀಗೆ ಬರೆದರೆ ಕರಾವಳಿಯ ತೇವಕ್ಕೆ ಒಂದು ನೆಕ್ ಹೇಗೆ ಆಡುತ್ತದೆ ಎಂಬ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಗಮನಿಸಿ.

ಮುಂದಿನ ಸಲ ಯಾರಾದರೂ ಬೆರಳಿಗೆ ಬಲ ಇಲ್ಲ ಅಂತ ಬೇಸ್ ವಾಪಸ್ ಕೊಡಲು ಬಂದರೆ, ಸಮಾಧಾನ ಹೇಳುವ ಮೊದಲು ಹದಿನೇಳನೇ ಫ್ರೆಟ್‌ಗೆ ಸ್ಕೇಲ್ ಹಿಡಿದು ನೋಡಿ.