ಬೆಂಗಳೂರು ಎಫ್‌ಸಿಯ ಆಟಗಾರರ ಪಟ್ಟಿಯನ್ನು ನಾವು ಓದಬೇಕಾದ ಬಗೆ

ಹೊಸೂರು, ಬಾಗಲೂರು, ತಳಿ ಭಾಗದ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಫುಟ್‌ಬಾಲ್ ಎಂದೊಡನೆ ನೆನಪಿಗೆ ಬರುವುದು ನೀಲಿ ಅಂಗಿಯ ಬೆಂಗಳೂರು ಎಫ್‌ಸಿ. ನಾವು ತಮಿಳುನಾಡಿನವರಾದರೂ ಚೆನ್ನೈಯಿನ್ ಎಫ್‌ಸಿಯ ಊರು ನಮಗೆ ಮುನ್ನೂರು ಕಿಲೋಮೀಟರ್ ದೂರ. ಕಂಠೀರವ ಕ್ರೀಡಾಂಗಣವಾದರೋ ನಲವತ್ತು ಚಿಲ್ಲರೆ ಕಿಲೋಮೀಟರ್. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದ ಮೇಲೆ ಆ ದಾರಿ ಇನ್ನಷ್ಟು ಹತ್ತಿರವಾಗಿದೆ. ಆದ್ದರಿಂದಲೇ ಪೋಷಕರ ಸಭೆಗಳಲ್ಲಿ ಈಗೀಗ ಒಂದು ಪ್ರಶ್ನೆ ಏಳುತ್ತಿದೆ: "ನಮ್ಮ ಹುಡುಗ ಚೆನ್ನಾಗಿ ಆಡುತ್ತಾನೆ, ಆ ಕ್ಲಬ್ಬಿನವರು ತೆಗೆದುಕೊಂಡಾರೆಯೇ ಮೇಷ್ಟ್ರೇ?"

ಇದಕ್ಕೆ ಉತ್ತರವನ್ನು ಕ್ಲಬ್ಬಿನ ಜಾಹೀರಾತಿನಲ್ಲಿ ಹುಡುಕಿ ಫಲವಿಲ್ಲ. ಒಂದು ಋತು ಮುಗಿದು ಇನ್ನೊಂದು ಪ್ರಾರಂಭವಾಗುವ ನಡುವಿನ ಬಿಡುವಿನಲ್ಲಿ ಅದು ಯಾರನ್ನು ಕರೆತಂದಿತು, ಯಾರನ್ನು ಬಿಟ್ಟುಕೊಟ್ಟಿತು, ಯಾರಿಗೆ ಜಾಗ ಉಳಿಸಿತು ಎಂಬುದರಲ್ಲಿ ಹುಡುಕಬೇಕು.

2024ರ ಬೇಸಗೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಹಿಂದಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು 12 ತಂಡಗಳ ಪೈಕಿ 10ನೆಯ ಸ್ಥಾನಕ್ಕೆ ಕುಸಿದಿತ್ತು. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ, 2019ರಲ್ಲಿ ಸೂಪರ್ ಲೀಗ್ ಕಿರೀಟ ಧರಿಸಿದ ತಂಡಕ್ಕೆ ಅದು ಸಹಿಸಲಾಗದ ಅವಮಾನ. ಕ್ಲಬ್ ಕಂಡುಕೊಂಡ ಮದ್ದು ಅನುಭವ. ಆ ವರ್ಷ ಪ್ರಶಸ್ತಿ ಗೆದ್ದಿದ್ದ ಮುಂಬೈ ಸಿಟಿಯಿಂದಲೇ ಮೂವರನ್ನು ಕರೆತಂದಿತು: ರಾಹುಲ್ ಭೇಕೆ, ಆಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಿಯಾಸ್. ಸ್ಪೇನಿನ ಎಡ್ಗರ್ ಮೆಂಡೆಸ್ ಕೂಡ ಬಂದರು. ನಾಲ್ವರೂ ಮೂವತ್ತು ದಾಟಿದವರು. ಭೇಕೆಯವರಂತೂ 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಏಕೈಕ ಗೋಲು ಹೊಡೆದು ಈ ಊರಿಗೆ ಕಪ್ ತಂದುಕೊಟ್ಟವರು. ಮನೆಗೆ ಮರಳಿದರು ಎನ್ನಬೇಕು.

ಮದ್ದು ಕೆಲಸ ಮಾಡಿತೆಂಬುದನ್ನು ಒಪ್ಪಲೇಬೇಕು. ತರಬೇತುದಾರ ಹೆರಾರ್ಡ್ ಸರಗೋಸಾ ಅವರ ತಂಡ ಮೂರನೆಯ ಸ್ಥಾನಕ್ಕೇರಿತು, ನಾಕೌಟ್‌ನಲ್ಲಿ ಅದೇ ಮುಂಬೈಯನ್ನು 5-0ರಿಂದ ಮಣಿಸಿತು, ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋತಿತು. ಹತ್ತನೆಯ ಸ್ಥಾನದಿಂದ ಒಂದು ವರ್ಷದಲ್ಲಿ ಅಲ್ಲಿಯವರೆಗೆ ಬಂದ ಪಟ್ಟಿಯನ್ನು ಕೆಟ್ಟದ್ದೆಂದು ಹಳಿದರೆ ಅದು ನ್ಯಾಯವಾಗದು.

ಆದರೂ ನಮಗೊಂದು ಅಸಮಾಧಾನವಿದೆ. ಆ ಋತುವಿನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಎಲ್ಲರಿಗಿಂತ ಮುಂದಿದ್ದವರು ಸುನಿಲ್ ಛೆಟ್ರಿ. ಆಗ ಅವರ ವಯಸ್ಸು ನಲವತ್ತು. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಳ್ಳಬೇಕಾಯಿತು. ಅವರ ದೇಹಶಿಸ್ತಿಗೆ ನಾವು ತಲೆಬಾಗುತ್ತೇವೆ. ಮಕ್ಕಳಿಗೆ ಅವರನ್ನು ಉದಾಹರಣೆಯಾಗಿ ತೋರಿಸುತ್ತೇವೆ. ಆದರೆ ನಲವತ್ತರ ಆಟಗಾರನ ಬೆನ್ನ ಹಿಂದೆ ಇಪ್ಪತ್ತರ ಹುಡುಗರು ಸಾಲುಗಟ್ಟಿ ನಿಂತಿರಬೇಕಿತ್ತಲ್ಲವೇ? ಒಂದು ಸಲಕ್ಕೆ ನಾಲ್ವರು ವಿದೇಶೀಯರು ಕಣಕ್ಕಿಳಿಯಬಹುದು ಎಂಬುದು ಲೀಗಿನ ನಿಯಮವಾಗಿತ್ತು. ಬಹುತೇಕ ಕ್ಲಬ್ಬುಗಳು ಆ ಸ್ಥಾನಗಳನ್ನು ಮುಂಪಡೆಗೂ ನಡುಪಡೆಗೂ ಮೀಸಲಿಡುತ್ತವೆ. ಹೀಗಾಗಿ ಗೋಲು ಹೊಡೆಯಲು ಕಲಿಯಬೇಕಾದ ನಮ್ಮ ಹುಡುಗ ಬೆಂಚಿನ ಮೇಲೆ ಕುಳಿತೇ ಪ್ರಾಯ ಕಳೆಯುತ್ತಾನೆ.

ಶಿವಶಕ್ತಿ ನಾರಾಯಣನ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅವರು ನಮ್ಮದೇ ರಾಜ್ಯದವರು. ಕಾರೈಕುಡಿ ಬಳಿಯ ಕಂಡನೂರಿನವರು. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ವಿರುದ್ಧ ಮೊದಲ ಗೋಲು ಹೊಡೆದವರು ಅವರೇ. ಮರುವರ್ಷ ತಂಡ ಸೂಪರ್ ಲೀಗ್ ಫೈನಲ್ ತಲುಪಿದಾಗ ಆ ಋತುವಿನಲ್ಲಿ 6 ಗೋಲು ಅವರವಾಗಿದ್ದವು. ಅಂಥವರ ಮುಂದೆ ಮತ್ತೆ ಇಬ್ಬರು ಮೂವರು ವಿದೇಶಿ ಮುಂಪಡೆಯವರನ್ನು ತಂದು ನಿಲ್ಲಿಸುವುದೆಂದರೆ, ಬೆಳೆದ ಸಸಿಗೆ ನೆರಳು ಕಟ್ಟಿದ ಹಾಗೆ.

ಇನ್ನೊಂದು ಮುಖವನ್ನೂ ಹೇಳಬೇಕು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದವನು ವಿನೀತ್ ವೆಂಕಟೇಶ್. ಬೆಂಗಳೂರಿನಲ್ಲಿಯೇ ಹುಟ್ಟಿ ಕ್ಲಬ್ಬಿನ ಕಿರಿಯರ ತಂಡಗಳಲ್ಲಿಯೇ ಬೆಳೆದ, ಆಗಿನ್ನೂ ಹತ್ತೊಂಬತ್ತರ ಹುಡುಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ಊರಿನಲ್ಲಿ ಇಂಥದ್ದು ಸುದ್ದಿಯೇ ಆಗಬಾರದು. ಆದರೆ ಆಯಿತು, ಅದೇ ನಮ್ಮ ಕಾಲದ ಸ್ಥಿತಿ. ಆ ಬೇಸಗೆಯ ಅತ್ಯುತ್ತಮ ನಿರ್ಧಾರ ಹೊಸದಾಗಿ ಬಂದ ದೊಡ್ಡ ಹೆಸರುಗಳಲ್ಲಿ ಇರಲಿಲ್ಲ, ಈ ಹುಡುಗನಿಗೆ ಮೊದಲ ಹನ್ನೊಂದರಲ್ಲಿ ಕೊಟ್ಟ ಜಾಗದಲ್ಲಿತ್ತು ಎಂಬುದು ನಮ್ಮ ಎಣಿಕೆ.

2025ರ ಬಿಡುವು ಬೇರೆಯದೇ ಪಾಠ ಕಲಿಸಿತು. ಆಶಿಕ್ ಕುರುಣಿಯನ್ ಮೋಹನ್ ಬಾಗಾನ್‌ನಿಂದ ಮರಳಿದರು, ಪಟ್ಟಿ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಲೀಗೇ ನಿಂತಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ ನಡುವೆ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ನವೀಕರಣ ಆಗದ ಕಾರಣ ಜುಲೈಯಲ್ಲಿ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಕಿರಿಯರ ತಂಡಗಳಿಗೂ ಸಾಕರ್ ಶಾಲೆಗಳಿಗೂ ಇದು ಅನ್ವಯಿಸದು ಎಂದು ಅದೇ ಪ್ರಕಟಣೆಯಲ್ಲಿ ತಿಳಿಸಿತು. ನಮಗೆ ಅದು ಮುಖ್ಯ. ದುಡ್ಡಿನ ಮುಗ್ಗಟ್ಟು ಬಂದಾಗ ಮೊದಲು ಬೀಜದ ಭತ್ತಕ್ಕೆ ಕೈಹಾಕುವ ಸಂಸ್ಥೆಗಳನ್ನು ಕಂಡ ನಾವು, ಈ ಒಂದು ವಿವೇಕಕ್ಕಾಗಿ ಕ್ಲಬ್ಬನ್ನು ಮೆಚ್ಚುತ್ತೇವೆ.

2026ರ ಜನವರಿಯಲ್ಲಿ ಛೆಟ್ರಿ, ಗುರುಪ್ರೀತ್ ಸಿಂಗ್ ಸಂಧು ಮುಂತಾದವರು ಫಿಫಾಕ್ಕೆ ಬಹಿರಂಗ ಮೊರೆಯಿಟ್ಟರು. ಕೆಲವೇ ದಿನಗಳಲ್ಲಿ, ಫೆಬ್ರುವರಿ 14ರಿಂದ 14 ಕ್ಲಬ್ಬುಗಳ ಮೊಟಕು ಋತು ನಡೆಯುವುದೆಂದು ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದರು. ಭಾರತ ತಂಡದ ನಾಯಕನಾಗಿದ್ದವನೇ ಆಟವಾಡಲು ಅವಕಾಶ ಕೊಡಿ ಎಂದು ಕೇಳಿಕೊಳ್ಳುವ ಸ್ಥಿತಿ ಬಂದ ಮೇಲೆ, ಹದಿನೆಂಟರ ಹುಡುಗನ ಕರಾರುಪತ್ರಕ್ಕೆ ಎಷ್ಟು ಭದ್ರತೆಯಿದೆ ಎಂಬುದನ್ನು ಪೋಷಕರು ತಾವೇ ಊಹಿಸಬಹುದು.

ಈ ನಡುವೆ 2025ರ ನವೆಂಬರ್‌ನಲ್ಲಿ ಕ್ಲಬ್ಬಿನ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯದ ಪೌರತ್ವ ಬಿಟ್ಟು ಭಾರತೀಯರಾದರು. ಅವರ ತಾಯಿಯ ಮೂಲ ಮುಂಬೈ. ಪಟ್ಟಿಯ ಲೆಕ್ಕದಲ್ಲಿ ಇದರ ಅರ್ಥ ಒಂದು ವಿದೇಶಿ ಸ್ಥಾನ ತೆರವಾಯಿತೆಂದು. ಅದನ್ನು ಮತ್ತೊಬ್ಬ ಮೂವತ್ತನಾಲ್ಕರ ಮುಂಪಡೆ ಆಟಗಾರನಿಂದ ತುಂಬುತ್ತಾರೋ, ಇಲ್ಲವೇ ವಿನೀತ್‌ನಂಥವರಿಗೆ ಇನ್ನಷ್ಟು ನಿಮಿಷ ಕೊಡುತ್ತಾರೋ ಎಂಬುದೇ ಮುಂದಿನ ಬಿಡುವಿನಲ್ಲಿ ನಾವು ನೋಡಬೇಕಾದ ಸಂಗತಿ.

ಪೋಷಕರ ಪ್ರಶ್ನೆಗೆ ಬರೋಣ. ಶಾಲಾ ಕ್ರೀಡೆಗಳಲ್ಲಿ ನಮ್ಮ ಮಗು ಕೃಷ್ಣಗಿರಿ ಜಿಲ್ಲೆಯ ಪರವಾಗಿ, ಗೆದ್ದರೆ ತಮಿಳುನಾಡಿನ ಪರವಾಗಿ ಆಡಬೇಕು. ಅವನು ಕನ್ನಡದಲ್ಲಿ ಓದುತ್ತಾನೆಂಬ ಕಾರಣಕ್ಕೆ ಕರ್ನಾಟಕದ ಶಾಲಾ ತಂಡ ಅವನದಾಗದು. ಆದರೆ ವೃತ್ತಿಪರ ಕ್ಲಬ್ಬಿಗೆ ಗಡಿಯಿಲ್ಲ. ಕಂಡನೂರಿನ ಶಿವಶಕ್ತಿ, ಮಣಿಪುರದ ಸುರೇಶ್ ಸಿಂಗ್ ವಾಂಗ್‌ಜಮ್ ಅಲ್ಲಿಗೆ ಬಂದದ್ದು ಕಾಲಿನ ಬಲದಿಂದ. ಆಯ್ಕೆಗೆ ಕರೆದುಕೊಂಡು ಹೋಗಿ, ತಪ್ಪಿಲ್ಲ. ಹೋದಾಗ ಮೂರು ಸಂಗತಿ ಬರವಣಿಗೆಯಲ್ಲಿ ಕೇಳಿರಿ: ಹತ್ತನೆಯ ತರಗತಿಯ ಪರೀಕ್ಷೆಯನ್ನು ಹುಡುಗ ಯಾವ ಮಾಧ್ಯಮದಲ್ಲಿ, ಎಲ್ಲಿ ಬರೆಯುವನು, ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು, ಕಿರಿಯರ ತಂಡದಿಂದ ಕಳೆದ ಮೂರು ವರ್ಷದಲ್ಲಿ ಎಷ್ಟು ಮಂದಿ ಮೊದಲ ತಂಡದಲ್ಲಿ ಆಡಿದರು. ಕೊನೆಯ ಪ್ರಶ್ನೆಗೆ ಹೆಸರುಗಳ ಸಮೇತ ಉತ್ತರ ಬಂದರೆ ಮಾತ್ರ ಮನೆಗೆ ಬಂದು ಮುಂದಿನ ಮಾತಾಡಿ.