ಗುರು ಹೋದರೂ ನಿಲ್ಲದ ಗಡಿಯಾರ



ವಚನ, ಅನುಭಾವ, ದಾಸೋಹಗಳ ವಿಚಾರ ಬರುವ ಈ ಪುಟಗಳಲ್ಲಿ ಬೈಗುಳ, ಕೊಲೆ, ಗುಂಡಿನ ಸದ್ದು ತುಂಬಿದ ಒಂದು ಪರದೆ ಸರಣಿಯ ಮಾತೇಕೆ ಎಂದು ಹಿರಿಯರು ಕೇಳುವುದು ಸಹಜ. ‘ಸೇಕ್ರೆಡ್ ಗೇಮ್ಸ್’ ಮನೆಮಂದಿ ಕೂಡಿ ನೋಡುವಂಥದ್ದಲ್ಲ, ಮಕ್ಕಳಿಗಂತೂ ತೋರಿಸಬಾರದು. ಆದರೆ ನಮ್ಮ ಯುವಕರು ಅದನ್ನು ನೋಡಿದ್ದಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಹುಡುಗರು ಮೊಬೈಲಿನಿಂದ ಮೊಬೈಲಿಗೆ ದಾಟಿಸಿಕೊಂಡು ನೋಡಿದ್ದಾರೆ. ಅದರ ಕೊನೆಯ ಕಂತಿನ ಬಗ್ಗೆ ಇಂದಿಗೂ ಜಗಳವಾಡುತ್ತಾರೆ. ಆ ಜಗಳದಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿ ಇದೆ. ಅದು ಮಠಗಳ ಅಂಗಳದಲ್ಲಿ ಚರ್ಚೆಯಾಗಬೇಕಾದ ಸಂಗತಿ ಎಂಬುದು ನನ್ನ ಅಭಿಪ್ರಾಯ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ವಿಕ್ರಮ್ ಚಂದ್ರ ಅವರು 2006ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯೇ ಇದರ ಮೂಲ. ಮೊದಲ ಭಾಗ 2018ರ ಜುಲೈನಲ್ಲಿ ಬಂತು. ಎರಡನೆಯದು 2019ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ ಬಂತು. ಎರಡೂ ಸೇರಿ 16 ಕಂತು. ಮುಂಬೈನ ಭೂಗತ ದೊರೆ ಗಣೇಶ ಗಾಯ್ತೊಂಡೆ (ನವಾಜುದ್ದೀನ್ ಸಿದ್ದಿಕಿ) ಬಹುಕಾಲ ಕಾಣೆಯಾಗಿದ್ದವನು ಒಂದು ರಾತ್ರಿ ಸರ್ತಾಜ್ ಸಿಂಗ್ (ಸೈಫ್ ಅಲಿ ಖಾನ್) ಎಂಬ ಪೊಲೀಸ್ ಅಧಿಕಾರಿಗೆ ಫೋನ್ ಮಾಡುತ್ತಾನೆ. 25 ದಿನಗಳಲ್ಲಿ ಈ ನಗರ ಮುಗಿಯುತ್ತದೆ, ಉಳಿಸಿಕೋ ಎನ್ನುತ್ತಾನೆ. ತನಗೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅಲ್ಲಿಂದ ಶುರುವಾದ ಹುಡುಕಾಟ ಕೊನೆಗೆ ಒಬ್ಬ ಗುರೂಜಿಯ ಆಶ್ರಮಕ್ಕೆ ಮುಟ್ಟುತ್ತದೆ.

ಆ ಗುರೂಜಿಯ ಪಾತ್ರದಲ್ಲಿರುವವರು ಪಂಕಜ್ ತ್ರಿಪಾಠಿ. ಅವರು ಕೂಗಾಡುವುದಿಲ್ಲ, ಗದರುವುದಿಲ್ಲ. ಮಗುವನ್ನು ಮಲಗಿಸುವ ತಾಯಿಯ ಹಾಗೆ ಮಾತಾಡುತ್ತಾರೆ. ಅವರ ಬೋಧನೆ ಸರಳ: ಇದು ಕಲಿಯುಗ, ಪಾಪ ತುಂಬಿದೆ, ತಿದ್ದಲು ಬರುವುದಿಲ್ಲ, ಪೂರ್ತಿ ಅಳಿದರೆ ಮಾತ್ರ ಸತ್ಯಯುಗ ಹುಟ್ಟುತ್ತದೆ. ಅಳಿಸುವ ಉಪಾಯವೆಂದರೆ ಮುಂಬೈಯಲ್ಲಿ ಒಂದು ಅಣುಬಾಂಬು. ಶಿಷ್ಯರಲ್ಲಿ ಅಧಿಕಾರದಲ್ಲಿರುವವರು ಇದ್ದಾರೆ, ಓದಿದವರು ಇದ್ದಾರೆ, ರೌಡಿಗಳೂ ಇದ್ದಾರೆ. ಸರ್ತಾಜನ ತಂದೆ ದಿಲ್‌ಬಾಗ್ ಸಿಂಗ್, ಒಬ್ಬ ಸಾಮಾನ್ಯ ಪೊಲೀಸ್ ಪೇದೆ, ಅವನೂ ಒಂದು ಕಾಲಕ್ಕೆ ಅದೇ ಗುರುವಿನ ಶಿಷ್ಯನಾಗಿದ್ದ.

ಕೊನೆಯ ಕಂತಿನಲ್ಲಿ ಬಾಂಬು ಸಿಗುತ್ತದೆ. ನಿಲ್ಲಿಸಲು ಒಂದು ಗುಪ್ತ ಗೆರೆಯನ್ನು ಪರದೆಯ ಮೇಲೆ ಸರಿಯಾಗಿ ಎಳೆಯಬೇಕು. ಉಳಿದವರು ಓಡಿಹೋಗಿದ್ದಾರೆ. ಸರ್ತಾಜ್ ಒಬ್ಬನೇ ಕೂತು ಕಡೆಯ ಬಾರಿ ಬೆರಳು ಎಳೆಯುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಸಿಡಿಯಿತೋ, ನಿಂತಿತೋ, ಹೇಳುವುದಿಲ್ಲ. ಮೂರನೆಯ ಭಾಗ ಬರಲೇ ಇಲ್ಲ.

ನೋಡಿದವರು ಅಂದೇ ಎರಡು ಪಂಗಡವಾದರು. ಇದು ಮೋಸ ಎಂದರು ಒಬ್ಬರು. ಇದೇ ಸರಿಯಾದ ಮುಕ್ತಾಯ ಎಂದರು ಇನ್ನೊಬ್ಬರು. ಮೂರನೆಯ ಪಂಗಡವೂ ಇತ್ತು, ಅದು ಧರ್ಮಕ್ಕೆ ಅವಮಾನವಾಯಿತು ಎಂದಿತು. ಸರ್ತಾಜ್ ತನ್ನ ಕೈಯ ಕಡಗವನ್ನು ಸಮುದ್ರಕ್ಕೆ ಎಸೆಯುವ ದೃಶ್ಯಕ್ಕೆ ಸಿಖ್ ಮುಖಂಡರಿಂದ ಆಕ್ಷೇಪ ಬಂತು. ಗುರುಗಳನ್ನು ಕೆಟ್ಟದಾಗಿ ತೋರಿಸಿದ್ದಾರೆಂದು ಸಿಟ್ಟಾದವರೂ ಇದ್ದರು.

ಮೋಸವಾಯಿತು ಎನ್ನುವವರನ್ನು ನಾನು ಹಗುರವಾಗಿ ನೋಡುವುದಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನು ನಿದ್ದೆಗೆಟ್ಟು 16 ಕಂತು ನೋಡಿದ್ದಾನೆ. ಅವನಿಗೆ ಉತ್ತರ ಕೇಳುವ ಹಕ್ಕಿದೆ. ಎರಡನೆಯ ಭಾಗ ಸಡಿಲವಾಗಿದೆ ಎಂಬುದೂ ನಿಜ. ಕೀನ್ಯಾ, ಕ್ರೊಯೇಷಿಯಾ ಎಂದು ದೇಶ ಸುತ್ತಿ ಕಥೆ ದಣಿಯುತ್ತದೆ. ಆದರೂ ಈ ವಾದವಿವಾದ ತಪ್ಪು ಜಾಗದಲ್ಲಿ ನಡೆಯುತ್ತಿದೆ ಎಂದು ನನಗೆ ಮನವರಿಕೆಯಾದದ್ದು ಚಂದ್ರಂಪಳ್ಳಿಯಲ್ಲಿ.

ವಚನ ಅಧ್ಯಯನಕ್ಕೆ ಬರುವ ಹುಡುಗ ಹುಡುಗಿಯರನ್ನು ಕರೆದುಕೊಂಡು ಚಿಂಚೋಳಿ ಕಾಡಿನ ನಡುವಿನ ಆ ಜಲಾಶಯಕ್ಕೆ ಹೋಗಿದ್ದೆವು. ಬುತ್ತಿ ಬಿಚ್ಚುವ ಹೊತ್ತಿಗೆ ಇದೇ ಮಾತು ಎದ್ದಿತು.

“ಹದಿನಾರು ಕಂತು ನೋಡೀವ್ರಿ ಸರ. ಕಡೀಗಿ ಬಾಂಬ್ ಹಾರ್ತೋ ನಿಂತಿತೋ ಹೇಳಂಗಿಲ್ಲಂದ್ರ ಇದು ಯಾವ ನ್ಯಾಯರಿ?” ಎಂದ ಒಬ್ಬ.

“ಹೇಳಿದ್ರ ನೀ ಮರುದಿನಾನೇ ಮರೀತಿದ್ದಿ. ಹೇಳಲಿಲ್ಲಂತೇ ಇವತ್ತಿನ ತನಕ ಮಾತಾಡ್ಲಾಕತ್ತಿದಿ” ಎಂದ ಇನ್ನೊಬ್ಬ.

ರೊಟ್ಟಿ ಹಂಚುತ್ತಿದ್ದ ಹುಡುಗಿ ಮಧ್ಯೆ ಬಾಯಿ ಹಾಕಿದಳು. “ಗುರೂಜಿ ಸತ್ತ ಮ್ಯಾಲೂ ಬಾಂಬ್ ಯಾಕ ನಿಲ್ಲಲಿಲ್ಲ ಅಂತ ನೀವ್ಯಾರೂ ಕೇಳವಲ್ರಿ.”

ಗಂಡುಮಕ್ಕಳು ಸುಮ್ಮನಾದರು. ಕಥೆಯಲ್ಲಿ ನಡೆಯುವುದು ಹಾಗೆಯೇ. ಗಾಯ್ತೊಂಡೆ ಕೊನೆಗೆ ಎಚ್ಚೆತ್ತು ತನ್ನ ಗುರುವನ್ನು ತಾನೇ ಕೊಲ್ಲುತ್ತಾನೆ. ಖಳನಾಯಕ ಸತ್ತ, ಇನ್ನು ನಗರ ಉಳಿಯಿತು ಎಂದು ನಾವು ಅಂದುಕೊಳ್ಳಬೇಕು. ಆದರೆ ಗಡಿಯಾರ ನಿಲ್ಲುವುದಿಲ್ಲ. ಗುರುವಿನ ಮಾತು ಶಿಷ್ಯರ ತಲೆಯೊಳಗೆ ಇಳಿದಾಗಿದೆ. ಹೇಳಿಕೊಡುವವನು ಇಲ್ಲದಿದ್ದರೂ ಅವರು ಕೆಲಸ ಮುಂದುವರಿಸುತ್ತಾರೆ. ಒಬ್ಬ ಕೆಟ್ಟ ಮನುಷ್ಯನಿಂದ ಮಾತ್ರ ಇಂಥದ್ದು ಆಗುವುದಿಲ್ಲ. ಪ್ರಶ್ನೆ ಕೇಳುವುದನ್ನು ಬಿಟ್ಟ ನೂರು ಜನ ಒಳ್ಳೆಯವರು ಬೇಕು. ಕೊನೆಯ ಕಂತಿನಲ್ಲಿ ಬಾಂಬು ನಿಂತಿತೆಂದು ಸ್ಪಷ್ಟವಾಗಿ ತೋರಿಸಿದ್ದರೆ ನಾವು ನಿಟ್ಟುಸಿರು ಬಿಟ್ಟು ಈ ನೂರು ಜನರನ್ನು ಮರೆತುಬಿಡುತ್ತಿದ್ದೆವು. ಆದ್ದರಿಂದ ಉತ್ತರ ಕೊಡದ ಮುಕ್ತಾಯದ ಪಕ್ಷ ನನ್ನದು. ಕಾರಣ ಮಾತ್ರ ಆ ಎರಡನೆಯ ಹುಡುಗ ಹೇಳಿದ್ದಲ್ಲ, ಹುಡುಗಿ ಹೇಳಿದ್ದು.

ಗುರುವನ್ನು ಖಳನನ್ನಾಗಿ ತೋರಿಸಿದ್ದಕ್ಕೆ ಸಿಟ್ಟಾದವರಿಗೆ ಒಂದು ಮಾತು. ಪ್ರಳಯವಾಗಿ ಒಳ್ಳೆಯ ಕಾಲ ಬರುತ್ತದೆ ಎಂಬ ಆಸೆ ಯಾವುದೋ ದೂರದ ಆಶ್ರಮದ್ದಲ್ಲ, ನಮ್ಮ ನೆಲದಲ್ಲೂ ಇದೆ. ಪಕ್ಕದ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ಪರಂಪರೆ ನಮ್ಮ ಭಾಗದವರಿಗೆ ಹೊಸದಲ್ಲ. ಶರಣರ ಹೆಸರಿನಲ್ಲೇ ಹುಟ್ಟಿಕೊಂಡ ಕಾಲಜ್ಞಾನದ ಹೊತ್ತಿಗೆಗಳಿವೆ. ವೀರ ವಸಂತರಾಯ ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ನೆಲೆಗೊಳ್ಳುತ್ತದೆ ಎಂದು ಅವು ಹೇಳುತ್ತವೆ. ಆ ಮಾತಿನ ಹಿಂದಿನ ನೋವು ನನಗೆ ತಿಳಿಯುತ್ತದೆ. ಕಲ್ಯಾಣ ಮುರಿದು ಬಿದ್ದು ಶರಣರು ದಿಕ್ಕುಪಾಲಾದ ಮೇಲೆ ಸೋತ ಜನ ಕಟ್ಟಿಕೊಂಡ ಭರವಸೆ ಅದು. ಅದನ್ನು ಗೇಲಿ ಮಾಡಲಾರೆ. ಆದರೆ ಕಾಯುವ ಜನ ಎಲ್ಲಿದ್ದಾರೋ ಅಲ್ಲಿ ಅವರ ಕಾಯುವಿಕೆಯನ್ನು ಮಾರಿಕೊಳ್ಳುವವನೂ ಬಂದೇ ಬರುತ್ತಾನೆ. 2012ರ ಡಿಸೆಂಬರ್ 21ಕ್ಕೆ ಲೋಕ ಮುಗಿಯುತ್ತದೆಂದು ಹಬ್ಬಿದ ಗುಲ್ಲು ನೆನಪಿದೆಯಲ್ಲ? ಯುಗಾದಿ ಬಂದರೆ ಕಾವಿ ತೊಟ್ಟವರೇ ಟಿವಿ ಮುಂದೆ ಕೂತು ಯಾವ ನಾಯಕನಿಗೆ ಕಂಟಕ, ಎಲ್ಲಿ ಜಲಪ್ರಳಯ ಎಂದು ಭವಿಷ್ಯ ನುಡಿಯುವುದನ್ನು ಈಗಲೂ ನೋಡುತ್ತಿದ್ದೇವೆ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡೇ ಅದನ್ನು ಕಿವಿಗೊಟ್ಟು ಕೇಳುತ್ತೇವೆ.

ಶರಣರು ವಾರ, ತಿಥಿ, ಶಕುನಗಳನ್ನು ಕಿತ್ತೊಗೆದವರು. ಅವರಿಗೆ ಸತ್ಯಯುಗ ಎಂಬುದು ಮುಂದೆಲ್ಲೋ ಬರುವ ಕಾಲವಲ್ಲ. ಈ ದಿನ ಸುಳ್ಳಾಡದೆ, ಕಾಯಕ ಮಾಡಿ, ಹಂಚಿ ಉಂಡರೆ ಅದೇ ಆ ಲೋಕ. ಕೆಟ್ಟ ಊರನ್ನು ಸುಟ್ಟು ಹೊಸ ಊರು ಕಟ್ಟುವ ಯೋಜನೆ ಅವರಲ್ಲಿ ಇರಲಿಲ್ಲ. ಇದ್ದ ಊರಿನಲ್ಲೇ ಮಾದಾರ, ಅಂಬಿಗ, ಮಡಿವಾಳ, ಕುಂಬಾರರನ್ನು ಕೂಡಿಸಿಕೊಂಡು ಕೂತರು.

ಹಾಗೆ ಕೂತಾಗ ಅವರು ಒಬ್ಬರನ್ನೊಬ್ಬರು ಪ್ರಶ್ನೆ ಮಾಡಿದರು. ಗುರುಭಕ್ತಿ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಂಬಿರುವವರು ಈ ಮಾತನ್ನು ಗಮನಿಸಬೇಕು. ಶೂನ್ಯಸಂಪಾದನೆಯನ್ನು ತೆರೆದರೆ ಮುಕ್ತಾಯಕ್ಕ ಅಲ್ಲಮಪ್ರಭುಗಳ ಎದುರು ಕೂತು ವಾದಿಸುತ್ತಾರೆ. ಅಲ್ಲಮರು ಅಕ್ಕಮಹಾದೇವಿಯವರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಕ್ಕನೂ ಉತ್ತರ ಕೊಡದೆ ಬಿಡಲಿಲ್ಲ. ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ಆರಿಸಿ ತಂದಾಗ, ಇಷ್ಟು ಆಸೆ ನಮಗೇಕೆ, ತಿರುಗಿ ಅಲ್ಲೇ ಸುರಿದು ಬನ್ನಿ ಎಂದವರು ಹೆಂಡತಿ ಲಕ್ಕಮ್ಮ. ಆ ಅಕ್ಕಿ ಬಂದದ್ದು ಬಸವಣ್ಣನವರ ಅಂಗಳದಿಂದ ಎಂಬ ಕಾರಣಕ್ಕೆ ಆಕೆ ಸುಮ್ಮನಾಗಲಿಲ್ಲ. ಅಕ್ಕಿಯ ಲೆಕ್ಕ ಕೇಳಿದ ಆ ತಾಯಿಯನ್ನು ನಾವು ಪೂಜಿಸುತ್ತೇವೆ. ಕಾಣಿಕೆಯ ಲೆಕ್ಕ ಕೇಳಿದ ಸೊಸೆಯನ್ನು ಮಾತ್ರ ಮಠಕ್ಕೆ ಎದುರಾಡಿದವಳು ಎನ್ನುತ್ತೇವೆ.

ಸರಣಿಯ ಆಶ್ರಮದಲ್ಲಿ ಗೋಚಿ ಎಂಬ ಮದ್ದು ಕೊಡುತ್ತಾರೆ. ತೆಗೆದುಕೊಂಡವನಿಗೆ ಗುರುವಿನ ಮಾತಲ್ಲದೆ ಬೇರೆ ಕೇಳಿಸುವುದಿಲ್ಲ. ನಮ್ಮ ಮಠಗಳಲ್ಲಿ ಅಂಥ ಮದ್ದಿಲ್ಲ, ಅದು ನಮ್ಮ ಪುಣ್ಯ. ಆದರೆ ‘ಅಪ್ಪಾವರು ಹೇಳ್ಯಾರ’ ಎಂಬ ಎರಡೇ ಮಾತು ಎಷ್ಟೋ ಸಭೆಗಳಲ್ಲಿ ಅದೇ ಕೆಲಸ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಪ್ಪಾವರು ಹೇಳದ್ದನ್ನೂ ಅವರು ಹೇಳಿದ್ದೆಂದು ತಂದು ಹಾಕುವವರು ಇದ್ದಾರೆ. ಬಹಳ ಸಲ ತೊಂದರೆ ಪೀಠದ ಮೇಲೆ ಇರುವುದಿಲ್ಲ, ಪೀಠದ ಸುತ್ತ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಾಡಿನ ಒಂದು ದೊಡ್ಡ ಮಠದ ಮೇಲೆ ಗಂಭೀರ ಆಪಾದನೆ ಬಂದು ವಿಷಯ ನ್ಯಾಯಾಲಯಕ್ಕೆ ಹೋಯಿತು. ತೀರ್ಪಿನ ವಿಚಾರಕ್ಕೆ ನಾನು ಹೋಗುವುದಿಲ್ಲ, ಅದು ನ್ಯಾಯಾಧೀಶರ ಕೆಲಸ. ನಮ್ಮವರು ನಡೆದುಕೊಂಡ ರೀತಿಯಷ್ಟೇ ಇಲ್ಲಿ ಹೇಳಬೇಕಾದದ್ದು. ಒಂದು ಗುಂಪು ಇದೆಲ್ಲ ಪಿತೂರಿ ಎಂದಿತು. ಇನ್ನೊಂದು ಗುಂಪು ನಮಗೆ ಮೊದಲೇ ಗೊತ್ತಿತ್ತು ಎಂದಿತು. ಎರಡೂ ಗುಂಪುಗಳು ಕೊನೆಯ ಕಂತಿಗಾಗಿ ಕಾದು ಕೂತವು. ಮಠದ ವಸತಿನಿಲಯದ ಮಕ್ಕಳು ತಮ್ಮ ಕಷ್ಟ ಹೇಳಿಕೊಳ್ಳಲು ಹೊರಗಿನ ಯಾರಾದರೂ ಇರಬೇಕು, ಹೆಣ್ಣುಮಕ್ಕಳಿರುವಲ್ಲಿ ಮಹಿಳೆಯರ ಸಮಿತಿ ಇರಬೇಕು, ಮಠದ ಆಡಳಿತದಲ್ಲಿ ಭಕ್ತರಿಗೂ ಒಂದು ಮಾತಿರಬೇಕು ಎಂದವರು ಬೆರಳೆಣಿಕೆಯಷ್ಟು. ತೀರ್ಪು ಯಾವ ಕಡೆಗೇ ಬರಲಿ, ಆ ಕೆಲಸ ಹಾಗೆಯೇ ಉಳಿಯುತ್ತದೆ. ಮೊದಲೇ ಗೊತ್ತಿತ್ತು ಎಂದವರು ಗೊತ್ತಿದ್ದೂ ಏಕೆ ಸುಮ್ಮನಿದ್ದರು ಎಂದು ಕೇಳಿದವರನ್ನಂತೂ ನಾನು ನೋಡಲಿಲ್ಲ.

ಮುಕ್ತಾಯದ ಬಗ್ಗೆ ಜಗಳವಾಡುವುದರಲ್ಲಿ ನಮಗೆ ಹಳೆಯ ಅಭ್ಯಾಸವೂ ಇದೆ ಅನ್ನಿ. 12ನೆಯ ಶತಮಾನದ ಕಲ್ಯಾಣದ ಕಥೆ ಹೇಗೆ ಮುಗಿಯಿತು? ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದದ್ದು ಹೇಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ಅದೇ ಕಾಲದ ಮೇಲೆ ಬರೆದ ನಾಟಕಗಳು, ಮೂರರ ನೋಟವೂ ಬೇರೆ. ‘ಮಹಾಚೈತ್ರ’ ಪಠ್ಯವಾದಾಗ ನಮ್ಮವರೇ ಬೀದಿಗಿಳಿದು ವಿರೋಧಿಸಿದರು. ಆಗಲೂ ಜಗಳವೆಲ್ಲ ಬಸವಣ್ಣನವರನ್ನು ಹೇಗೆ ತೋರಿಸಿದ್ದಾರೆ ಎಂಬುದರ ಸುತ್ತಲೇ ತಿರುಗಿತು. ಹರಳಯ್ಯ, ಮಧುವರಸರನ್ನು ಎಳೆಹೂಟೆಗೆ ಕಟ್ಟಿದಾಗ ಅದನ್ನು ನೋಡುತ್ತ ನಿಂತ ಊರಿನ ಜನ ಯಾರು, ಅವರೇಕೆ ನೋಡುತ್ತ ನಿಂತರು ಎಂಬ ಪ್ರಶ್ನೆಗೆ ಯಾರೂ ಬೀದಿಗಿಳಿಯಲಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಬೆಂಗಳೂರಿಗೆ ದೂರದರ್ಶನ ಬರುವ ಎಷ್ಟೋ ಮೊದಲೇ, 1975ರ ಆಗಸ್ಟ್‌ನಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಮುಟ್ಟಿಸುವ ಪ್ರಯೋಗ ನಡೆಯಿತು. ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಊರೆಲ್ಲ ಅದರ ಮುಂದೆ. ನೋಡಿ ಎದ್ದ ಮೇಲೆ ಕಟ್ಟೆಯ ಮೇಲೆ ಮಾತು. ಈಗ ಒಬ್ಬೊಬ್ಬರ ಕೈಗೂ ಒಂದೊಂದು ಪರದೆ. ರಾತ್ರಿ ಕದ ಮುಚ್ಚಿಕೊಂಡು ಒಬ್ಬನೇ ನೋಡಿದ ಕತ್ತಲೆಯ ಕಥೆಯ ಬಗ್ಗೆ ಹುಡುಗ ಯಾರ ಹತ್ತಿರ ಮಾತಾಡಬೇಕು? ಮನೆಯಲ್ಲಿ ಅಪ್ಪ ಅವ್ವನ ಮುಂದೆ ಅದರ ಹೆಸರೆತ್ತುವಂತಿಲ್ಲ. ಮಠಕ್ಕೆ ಬಂದರೆ ಇಂಥದ್ದೆಲ್ಲ ನೋಡಬಾರದು ಎಂಬ ಉಪದೇಶ ಸಿಗುತ್ತದೆ. ಆ ಉಪದೇಶ ಕೇಳಿ ಅವನು ನೋಡುವುದನ್ನು ಬಿಡುವುದಿಲ್ಲ, ಮಠಕ್ಕೆ ಬರುವುದನ್ನು ಬಿಡುತ್ತಾನೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪ್ರತಿ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸವನ್ನು ಅರ್ಧ ಗಂಟೆ ಕಡಿಮೆ ಮಾಡಿ. ಸನ್ಮಾನ, ಶಾಲು, ಹಾರಗಳನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ. ಆ ಹೊತ್ತಿನಲ್ಲಿ ಬಂದವರು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕಲಿ. ಪೂಜ್ಯರು ಎಲ್ಲರೆದುರು ಅದನ್ನು ಬಿಚ್ಚಿ ಓದಿ ಉತ್ತರಿಸಲಿ. ಸಿನಿಮಾ, ಸರಣಿಗಳ ಪ್ರಶ್ನೆ ಬಂದರೂ ಬರಲಿ. ಮೊದಲು ಬರುವ ಎರಡು ಚೀಟಿಗಳನ್ನು ನಾನು ಈಗಲೇ ಊಹಿಸಬಲ್ಲೆ. ಕಳೆದ ವರ್ಷದ ಜಾತ್ರೆಯ ಕಾಣಿಕೆಯಲ್ಲಿ ದಾಸೋಹಕ್ಕೆ ಎಷ್ಟು ಹೋಯಿತು, ಕಟ್ಟಡಕ್ಕೆ ಎಷ್ಟು ಹೋಯಿತು ಎಂಬುದು ಒಂದು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯ ಕಥೆಯನ್ನು ಪ್ರತಿ ವರ್ಷ ಹೇಳುವ ಮಠ, ನಮ್ಮದೇ ಒಳಪಂಗಡಗಳ ನಡುವಿನ ಮದುವೆಯನ್ನು ತನ್ನ ಅಂಗಳದಲ್ಲಿ ಎಷ್ಟು ಮಾಡಿಸಿದೆ ಎಂಬುದು ಎರಡನೆಯದು. ಎರಡಕ್ಕೂ ಅಂದೇ ಉತ್ತರ ಬರಬೇಕು, ಮುಂದಿನ ತಿಂಗಳು ನೋಡೋಣ ಎನ್ನದೆ.