ಅಡುಗೆಮನೆಗೂ ಒಂದು ಬಾಗಿಲು

ಹೋಟೆಲ್ ತಲುಪಿದಾಗ ರಾತ್ರಿ ಎಂಟೂಕಾಲು. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಗಿಲು ತೆಗೆದ ಹೆಂಗಸು ನಗುತ್ತಲೇ ಹೇಳಿದ್ರು, "ಸಾರಿ, ಕಿಚನ್ ಕ್ಲೋಸ್ ಆಗಿದೆ."

ನನಗೆ ಉರಿದುಹೋಯ್ತು. ಹಾಫ್ ಬೋರ್ಡ್, ಅಂದ್ರೆ ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಎರಡೂ ಸೇರಿಸಿ, ಮೂರು ರಾತ್ರಿಗೆ ಮೊದಲೇ ದುಡ್ಡು ಕಟ್ಟಿದ್ದೆ. ಅದೂ ಸ್ವಿಸ್ ಫ್ರಾಂಕ್‌ನಲ್ಲಿ! ಬೆಂಗಳೂರಲ್ಲಿ ಮಧ್ಯರಾತ್ರಿ ಆರ್ಡರ್ ಮಾಡಿದ್ರೂ ಮಸಾಲೆದೋಸೆ ಮನೆಬಾಗಿಲಿಗೆ ಬರುತ್ತೆ. ಇಲ್ಲಿ ಎಂಟು ಗಂಟೆಗೇ ಒಲೆ ಆರಿಸಿಬಿಡೋದಾ? ಜಗಳಕ್ಕೆ ಬಾಯಿ ತೆಗೆದೆ. ಪಕ್ಕದಲ್ಲಿದ್ದ ಅಮ್ಮ ಜಾಕೆಟ್ ಹಿಡಿದು ಜಗ್ಗಿದಳು.

"ಸುಮ್ನಿರು. ಆಕೆ ಕಾಲು ನೋಡು."

ನೋಡಿದೆ. ಮೊಣಕಾಲಿನ ತನಕ ಬಿಗಿ ಸಾಕ್ಸ್. ದಿನವಿಡೀ ನಿಂತು ಕೆಲಸ ಮಾಡಿ ನರ ಊದಿಕೊಂಡವರಿಗೆ ಡಾಕ್ಟರ್ ಹಾಕ್ಕೊಳ್ಳಿ ಅಂತಾರಲ್ಲ, ಅಂಥದ್ದು. ಅಮ್ಮನ ಕಾಲಲ್ಲೂ ಅದೇ ಇತ್ತು.

ನಿಜ ಹೇಳ್ಬೇಕಂದ್ರೆ ತಪ್ಪು ನನ್ನದೇ. ರಾತ್ರಿ ಊಟ ಆರೂವರೆಯಿಂದ ಏಳೂವರೆ ಅಂತ ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ರು. ಲೌಟರ್‌ಬ್ರುನ್ನನ್‌ನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಸುಮಾರು 300 ಮೀಟರ್ ಎತ್ತರದ ಬಂಡೆಯಿಂದ ಸ್ಟೌಬಾಖ್ ಜಲಪಾತ ಧೂಳಿನ ಹಾಗೆ ಹಾರಿಕೊಂಡು ಬೀಳೋದನ್ನ ನೋಡಿ, ಇನ್ನೊಂದು ಫೋಟೋ, ಇನ್ನೊಂದು ರೀಲ್ ಅಂತ ಒಂದರ ಹಿಂದೆ ಒಂದು ಟ್ರೇನ್ ಬಿಟ್ಟಿದ್ದು ನಾನು.

ಆಕೆ ನಮ್ಮನ್ನ ಡೈನಿಂಗ್ ಹಾಲ್‌ಗೆ ಕರೆದುಕೊಂಡು ಹೋದ್ರು. ಮೂಲೆಯ ಟೇಬಲ್ ಮೇಲೆ ಎರಡು ಬಟ್ಟಲು ತರಕಾರಿ ಸೂಪ್, ಬ್ರೆಡ್ಡು, ಮೇಲೆ ಮುಚ್ಚಿದ ಬಟ್ಟೆ. "ತಿಂದು ಬಟ್ಟಲು ಅಲ್ಲೇ ಇಡಿ. ಗುಡ್ ನೈಟ್" ಅಂತ ಹೇಳಿ ಮಹಡಿ ಹತ್ತಿ ಹೊರಟೇಹೋದ್ರು. ಕಿಚನ್ ಕ್ಲೋಸ್ ಅಂದ್ರೆ ಕ್ಲೋಸ್. ಆದ್ರೆ ನಮ್ಮನ್ನ ಉಪವಾಸ ಮಲಗಿಸಲಿಲ್ಲ. ಅಮ್ಮ ಬ್ಯಾಗಿಂದ ಚಟ್ನಿಪುಡಿ ತೆಗೆದು ಸೂಪಿಗೆ ಉದುರಿಸಿದಳು. ಪರವಾಗಿಲ್ಲ, ಚೆನ್ನಾಗೇ ಇತ್ತು.

ಊರಿನ ಹೆಸರು ವೆಂಗೆನ್. 1,274 ಮೀಟರ್ ಎತ್ತರದಲ್ಲಿರೋ ಹಳ್ಳಿ, ಎದುರಿಗೆ 4,158 ಮೀಟರ್‌ನ ಯುಂಗ್‌ಫ್ರೌ ಶಿಖರ. ಪ್ರವಾಸಿಗರ ಕಾರಿಗೆ ಇಲ್ಲಿ ದಾರಿಯೇ ಇಲ್ಲ. 1893ರಲ್ಲಿ ಶುರುವಾದ ಹಲ್ಲುಹಳಿಯ ರೈಲೇ ಗತಿ. ಸ್ಟೇಷನ್‌ನಿಂದ ಹೋಟೆಲಿಗೆ ಲಗೇಜು ಬರೋದು ಪುಟ್ಟ ಎಲೆಕ್ಟ್ರಿಕ್ ಗಾಡಿಯಲ್ಲಿ. ನಮ್ಮ ಹೋಟೆಲಿನ ಗಾಡಿ ಓಡಿಸೋದು ಯಜಮಾನರು, ಹೀಟರ್ ರಿಪೇರಿನೂ ಅವರದ್ದೇ. ಅಡುಗೆ ಆಕೆಯದು. ಲೆಕ್ಕಪತ್ರ, ಬುಕಿಂಗ್ ಮಗಳದು. ಸಹಾಯಕ್ಕೆ ಒಬ್ಬ ಹುಡುಗ. ಹದಿನೆಂಟು ರೂಮಿಗೆ ನಾಲ್ಕು ಜನ, ಮುಗೀತು.

ಇದು ಗೊತ್ತಾದ ಮೇಲೆ ಅಲ್ಲಿನ ರೂಲ್ಸ್ ಎಲ್ಲ ಅರ್ಥ ಆಗೋಕೆ ಶುರುವಾಯ್ತು. ಬೂಟು ಕೆಳಗಡೆ ಶೂ ರೂಮಲ್ಲೇ ಬಿಡಬೇಕು, ಯಾಕಂದ್ರೆ ಮೆಟ್ಟಿಲು ಒರೆಸೋದು ಅವರೇ. (ಅಮ್ಮನಿಗೆ ಈ ರೂಲ್ ಕೇಳಿಯೇ ಅರ್ಧ ಸಮಾಧಾನ.) ರೂಮ್ ಸರ್ವಿಸ್ ಇಲ್ಲ. ರಾತ್ರಿಗೆ ಒಂದೇ ಮೆನು. ಸಸ್ಯಾಹಾರಿಗಳಾದ್ರೆ ಬುಕ್ ಮಾಡುವಾಗಲೇ ತಿಳಿಸಿ. ಗ್ರೂಯೇರ್, ಎಮ್ಮೆಂಟಾಲರ್ ಥರದ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸೋದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ ಅನ್ನೋದೂ ನೆನಪಿರಲಿ. ನಾವು ಹೇಳಿದ್ದಕ್ಕೆ ಮರುದಿನ ರಾತ್ರಿ ಹಂದಿಮಾಂಸದ ಚೂರು ಹಾಕದೆ, ಬರೀ ಬೆಣ್ಣೆಯಲ್ಲಿ ಹುರಿದ ರೋಸ್ಟಿ ಬಂತು. ತುರಿದ ಆಲೂಗಡ್ಡೆಯನ್ನ ಕೆಂಪಗೆ ಗರಿಗರಿಯಾಗಿ ಬೇಯಿಸಿದ್ದು. ಅಮ್ಮ ಅದಕ್ಕೆ "ಆಲೂಗಡ್ಡೆ ರೊಟ್ಟಿ" ಅಂತ ಹೆಸರಿಟ್ಟು ಎರಡು ಸಲ ಹಾಕಿಸಿಕೊಂಡಳು. ಅಮ್ಮ ಎರಡನೇ ಸಲ ಹಾಕಿಸಿಕೊಂಡು ತಿಂದಿದ್ದನ್ನ ನಾನು ನೋಡಿದ್ದೇ ಅವತ್ತು. ಮನೇಲಿ ಅವಳು ಕೂರೋ ಹೊತ್ತಿಗೆ ಪಾತ್ರೆ ತಳ ಕಾಣ್ತಾ ಇರುತ್ತೆ.

ಮೂರನೇ ದಿನ ಬೆಳಗ್ಗೆ ಎಚ್ಚರ ಆದಾಗ ಅಮ್ಮನ ಹಾಸಿಗೆ ಖಾಲಿ. ಗಾಬರಿಯಲ್ಲಿ ಕೆಳಗೆ ಓಡಿದೆ. ಅಮ್ಮ ಡೈನಿಂಗ್ ಹಾಲ್‌ನಲ್ಲಿ ಕೂತು ಆಕೆ ಜೊತೆ ನ್ಯಾಪ್‌ಕಿನ್ ಮಡಚ್ತಾ ಇದ್ದಳು! ಇವಳಿಗೆ ಜರ್ಮನ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಇಬ್ಬರ ಮಾತೂ ನಡೀತಾನೇ ಇತ್ತು.

ನನ್ನನ್ನ ಕಂಡು ಆಕೆ ಗೋಡೆ ಮೇಲಿನ ಕಪ್ಪುಬಿಳುಪು ಫೋಟೋ ತೋರಿಸಿದ್ರು. ಅವರ ಅತ್ತೆ, ಇದೇ ಅಡುಗೆಮನೆ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡು ನಿಂತಿದ್ದು. ಥಾಮಸ್ ಕುಕ್ ಇಂಗ್ಲೆಂಡಿನಿಂದ ಸ್ವಿಟ್ಜರ್ಲೆಂಡಿಗೆ ಮೊದಲ ಟೂರ್ ಕರೆದುಕೊಂಡು ಬಂದಿದ್ದು 1863ರಲ್ಲಿ. ಆಮೇಲೆ ಈ ಬೆಟ್ಟಗಳಲ್ಲಿ ಎಷ್ಟೋ ಮನೆಗಳು ಹೋಟೆಲುಗಳಾದವು, ಮನೆ ಹೆಂಗಸರ ಅಡುಗೆಯೇ ಹೋಟೆಲ್ ಅಡುಗೆ ಆಯ್ತು. ಅಷ್ಟು ದುಡಿದ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತ ಹಾಕೋ ಹಕ್ಕು ಸಿಕ್ಕಿದ್ದು ಮಾತ್ರ 1971ರಲ್ಲಿ. ಹೆಂಡತಿ ಹೊರಗೆ ಕೆಲಸಕ್ಕೆ ಹೋಗೋಕೆ ಗಂಡನ ಒಪ್ಪಿಗೆ ಬೇಕು ಅನ್ನೋ ಕಾನೂನು ಹೋಗಿದ್ದು 1988ರಲ್ಲಿ. ನಮ್ಮಜ್ಜಿ ಮೊದಲ ಚುನಾವಣೆಯಲ್ಲೇ ಓಟು ಹಾಕಿದ್ದಳು ಅಂತ ಹೇಳಿದೆ. ಆಕೆ ನಂಬಲೇ ಇಲ್ಲ.

"ಅತ್ತೆ ಕಾಲದಲ್ಲಿ ಗೆಸ್ಟ್ ಎಷ್ಟೊತ್ತಿಗೆ ಬಂದ್ರೂ ಒಲೆ ಹಚ್ಚಬೇಕಿತ್ತು. ಹೋಟೆಲ್ ನನ್ನ ಕೈಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಬಾಗಿಲಿಗೆ ಟೈಮ್ ಅಂಟಿಸಿದ್ದು" ಅಂದ್ರು ಆಕೆ. ಅಕ್ಟೋಬರ್ ಮಧ್ಯದಿಂದ ಎರಡು ತಿಂಗಳು ಹೋಟೆಲನ್ನೇ ಮುಚ್ಚುತ್ತಾರಂತೆ. ಹಾಗೆ ಮುಚ್ಚಿದ್ರೆ ಗಿರಾಕಿಗಳು ಬಿಟ್ಟು ಹೋಗಲ್ವಾ ಕೇಳು ಅಂದಳು ಅಮ್ಮ. ಕೇಳಿದೆ. "ಮುಚ್ಚದಿದ್ರೆ ನಾನೇ ಬಿಟ್ಟು ಹೋಗ್ತೀನಿ" ಅಂತ ನಕ್ಕರು. ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ನಗಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ನಮ್ಮನೆ ಅಡುಗೆಮನೆ ಎಷ್ಟು ಗಂಟೆಗೆ ಮುಚ್ಚುತ್ತೆ?"

ಏನು ಹೇಳೋದು? ನಾನು ಆಫೀಸಿಂದ ಬರೋದು ಹತ್ತೂವರೆಗೆ, ತಮ್ಮ ಕೆಲವು ಸಲ ಹನ್ನೊಂದಕ್ಕೆ. ಇಬ್ಬರಿಗೂ ಬಿಸಿಬಿಸಿ ಸಾರು ಬೇಕು. ಇಷ್ಟು ವರ್ಷ ಅದನ್ನ ಅಮ್ಮನ ಪ್ರೀತಿ ಅಂದುಕೊಂಡಿದ್ದೆ. ಪ್ರೀತಿ ಹೌದು, ಡ್ಯೂಟಿನೂ ಹೌದು. ಮೂವತ್ತೊಂದು ವರ್ಷದಿಂದ ರಜೆ ಇಲ್ಲದ ಡ್ಯೂಟಿ. ಅವಳನ್ನ ಆಲ್ಪ್ಸ್‌ಗೆ ಕರೆದುಕೊಂಡು ಹೋಗಿದ್ದೇ ದೊಡ್ಡ ಗಿಫ್ಟ್ ಅಂತ ಬೀಗ್ತಿದ್ದವನಿಗೆ ಆ ಪ್ರಶ್ನೆ ಸರಿಯಾಗಿ ತಟ್ಟಿತು.

ಈಗ ನಮ್ಮನೇಲಿ ಒಂಬತ್ತಕ್ಕೆ ಅಡುಗೆಮನೆ ಬಂದ್. ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೀವಿ. ಮೊದಲ ವಾರ ಪಾತ್ರೆ ಸದ್ದು ಕೇಳಿದ ಕೂಡಲೇ ಅಮ್ಮ ಎದ್ದು ಬರ್ತಿದ್ದಳು. ತಮ್ಮ ಎರಡು ಸಲ ಹಾಲು ಉಕ್ಕಿಸಿದ, ನಾನು ಒಂದು ಸಲ ಸಾರು ಸೀದಿಸಿದೆ. ಭಾನುವಾರ ರಾತ್ರಿ ಅಡುಗೆ ನಮ್ಮಿಬ್ಬರದು. ರೋಸ್ಟಿ ಮಾಡೋಕೆ ಹೋಗಿ ಆಲೂಗಡ್ಡೆ ಪಲ್ಯ ಆಯ್ತು ಅನ್ನೋದು ಬೇರೆ ವಿಷಯ.

ನಿನ್ನೆ ನಾನು ಬಂದಾಗ ಹತ್ತೂಮುಕ್ಕಾಲು. ಟೇಬಲ್ ಮೇಲೆ ತಟ್ಟೆ, ಅದರ ಮೇಲೆ ಮುಚ್ಚಿದ ಬಟ್ಟೆ. ಒಲೆ ಆರಿತ್ತು. ಒಳಗಿನ ರೂಮಿಂದ ಅಮ್ಮನ ಗೊರಕೆ ಕೇಳಿಸ್ತಿತ್ತು.